ಭಾವುಬೀಜದ ಚಂದ್ರ ಮತ್ತು ನನ್ನ ಟ್ರೈಪಾಡ್

ದೀಪಾವಳಿ ರಜೆ ಬಂತೆಂದರೆ ನಾನು ಟ್ರೈಪಾಡ್ ಹೆಗಲಿಗೇರಿಸಿ ಕತ್ತಲಾಗುವ ಹೊತ್ತಿಗೆ ಸೊಲ್ಲಾಪುರ ಸುತ್ತುತ್ತೇನೆ. ಬಲ್ಬಿನ ಸರ ತೊಟ್ಟ ನಗರಪಾಲಿಕೆಯ ಇಂದ್ರಭುವನ, ಕೋಟೆಯ ಬುರುಜು, ಕೆರೆಯ ನಡುವಿನ ಸಿದ್ಧೇಶ್ವರ ಗುಡಿ. ಎಲ್ಲವೂ ಮಂದಿ ಆಗಲೇ ತೆಗೆದ ಫೋಟೊಗಳೇ. 'ಹಾಗಾದರೆ ನೀನೇಕೆ ತೆಗೆಯುತ್ತೀ?' ಎಂದು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳು ಹಚ್ಚಿದ ಚಟ, ಉತ್ತರ ಸಿದ್ಧವಿರುತ್ತದೆ. ಯಾರೂ ಕೇಳುವುದಿಲ್ಲ.

ಈ ಸಲ ಹಬ್ಬಕ್ಕೆ ಚಪಳಗಾಂವದಿಂದ ಕಾಕು, ನಮ್ಮ ಚಿಕ್ಕಪ್ಪನ ಹೆಂಡತಿ, ಬಂದಿದ್ದರು. ದೀಪಾವಳಿ ಬಿದಿಗೆಯ ಭಾವುಬೀಜಕ್ಕೆ ಅಕ್ಕತಂಗಿಯರು ಆರತಿ ಬೆಳಗುತ್ತಾರೆ, ಅಣ್ಣತಮ್ಮಂದಿರು ತಾಟಿನಲ್ಲಿ ಕಾಣಿಕೆ ಹಾಕುತ್ತಾರೆ. ಕಾಕುಗೆ ಅಣ್ಣತಮ್ಮಂದಿರಿಲ್ಲ. ನಮ್ಮ ಕಡೆ ಅಂಥವರು ಭಾವುಬೀಜದ ಸಂಜೆ ಚಂದ್ರನನ್ನೇ ಅಣ್ಣನೆಂದು ತಿಳಿದು ಆರತಿ ಬೆಳಗುತ್ತಾರೆ. ಬೆಳಗುವ ತನಕ ಕಾಕು ಉಣ್ಣುವುದಿಲ್ಲ. ಊರಲ್ಲಾದರೆ ಮಾಳಿಗೆ ಹತ್ತಿದರೆ ಸಾಕಿತ್ತು. ನಮ್ಮ ಓಣಿಯಲ್ಲಿ ಪಡುವಣಕ್ಕೆಲ್ಲ ಎತ್ತರದ ಕಟ್ಟಡ. ಬಿದಿಗೆಯ ಚಂದ್ರನೋ, ಕಂಡಷ್ಟೇ ಬೇಗ ಮುಳುಗುವವನು.

"ನೀ ಫೋಟೋ ಹೊಡಿಯೂದು ಬಯಲಾಗ ಅಲ್ಲೇನು? ನನ್ನೂ ಕರ್ಕೊಂಡ ನಡಿ, ಯವ್ವಾ."

"ಕಾಕು, ಚಂದ್ರ ಅಂದ್ರ ಬರೀ ಕಲ್ಲರಿ. ಕಲ್ಲು ಅಣ್ಣ ಹ್ಯಾಂಗ ಆಗ್ತದ?"

"ಖರೇ ಅಣ್ಣಗೋಳರ ಏನ್ ಮೆತ್ತಗಿರ್ತಾರ? ನಿಮ್ಮಪ್ಪಾರ್ನ ನೋಡಿಲ್ಲೇನು? ಅವ್ರ ಅಕ್ಕಾರು ಆರತಿ ಬೆಳಗಾಕತ್ತಾರ, ಇವ್ರು ಮೊಬೈಲ್ ನೋಡಾಕತ್ತಾರ."

ಮಧ್ಯಾಹ್ನವಷ್ಟೇ ನಡೆದ ಘಟನೆ. ಸಾಕ್ಷ್ಯ ಗಟ್ಟಿಯಿತ್ತು, ಆ ಸುತ್ತು ನಾನು ಸೋತೆ.

ಕೆರೆಯ ದಂಡೆಗೆ ಬಂದಾಗ ಗುಡಿ ಝಗಮಗಿಸುತ್ತಿತ್ತು. ಕಾಕು ಕೈಚೀಲದಿಂದ ಆರತಿ ತಾಟು ತೆಗೆದು, ಮುಖ ಮೇಲೆತ್ತಿ ನಿಂತರು. ಮೇಲೆ ಪಟಾಕಿಯ ಹೊಗೆ, ಕೆಳಗಿನಿಂದ ಇಷ್ಟೊಂದು ದೀಪಗಳ ಬೆಳಕು. ಆಕಾಶವೆಲ್ಲ ಬೂದಿ ಬಳಿದಂತೆ.

"ಕಾಣವಲ್ಲ. ಮುಳುಗ್ಯಾನೇನ?" ಅವರ ದನಿ ಸಣ್ಣದಾಗಿತ್ತು. "ಒಂದ್ ವರ್ಷನೂ ತಪ್ಪಿಸಿಲ್ಲ ನಾ."

ನಾನು ಕ್ಯಾಮೆರಾ ಪಡುವಣಕ್ಕೆ ತಿರುಗಿಸಿ, ಷಟರ್ ಬಹಳ ಹೊತ್ತು ತೆರೆದಿಟ್ಟೆ. ಪರದೆಯ ಮೇಲೆ, ಗುಡಿಯ ಹಿಂದಿನ ಕೋಟೆಗೋಡೆಯ ತುಸು ಮೇಲೆ, ಕತ್ತರಿಸಿದ ಉಗುರಿನಂಥ ಒಂದು ಗೆರೆ.

"ಇಲ್ನೋಡ್ರಿ!"

"ಡಬ್ಬಿಗಿ ಆರತಿ ಬೆಳಗಂತೀಯೇನು?"

ವೇದಿಕೆಯ ಮೇಲೆ ಚೀಟಿ ಎತ್ತಿ, ನಾನೇ ನಂಬದ ಪಕ್ಷದ ಪರವೂ ಮಾತಾಡಿದ್ದೇನೆ. ಹೀಗೆ ಮೈತುಂಬಿ ಮಾತಾಡಿದ್ದು ಮಾತ್ರ ಅದೇ ಮೊದಲು.

"ಡಬ್ಬಿಗಲ್ಲರಿ ಕಾಕು. ಫೋಟೋದಾಗ ಬಂದಾನ ಅಂದ್ರ ಅಲ್ಲೇ ಅದಾನ. ನಿಮ್ಮ ಕಣ್ಣಿಗಿ ಹೊಗಿ ಅಡ್ಡ ಬಂದದ, ಅಷ್ಟ. ಈ ಡಬ್ಬಿ ಮುಖ ಯಾ ಕಡೆ ಅದನೋ, ಆ ಕಡೆ ಬೆಳಗ್ರಿ. ಅಂವಾ ಮುಳುಗೂದ್ರಾಗ, ಲಗೂನ!"

ಕಾಕು ನನ್ನನ್ನೂ ಲೆನ್ಸನ್ನೂ ಒಮ್ಮೆ ನೋಡಿದರು. ಆಮೇಲೆ ದೀಪ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು, ಕ್ಯಾಮೆರಾದ ಮುಂದೆಯೇ ನಿಂತು, ಏನೂ ಕಾಣದ ಆಕಾಶಕ್ಕೆ ನಿಧಾನವಾಗಿ ಬೆಳಗಿದರು. ನಾನು ಮತ್ತೆ ಗುಂಡಿ ಒತ್ತಿದೆ.

ಫೋಟೊದಲ್ಲಿ ಗುಡಿಯಿದೆ, ನೀರಿನಲ್ಲಿ ಅದರ ನೆರಳಿದೆ. ಶಿಖರಕ್ಕೆ ಅಡ್ಡಲಾಗಿ, ದೀಪ ತಿರುಗಿದ ದಾರಿಯಲ್ಲಿ ಒಂದು ಸೊಟ್ಟ ಬೆಂಕಿಯ ಬಳೆ. ಅದರ ಮೇಲೆ ಚಂದ್ರ. ಸ್ಪರ್ಧೆಗೆ ಕಳಿಸುವಂಥದ್ದಲ್ಲ.

"ಇದ್ರಾಗ ನಾ ಎಲ್ಲದೀನಿ?"

"ನೀವು ಅಳ್ಳಾಡಿದ್ರಿ, ಕಾಕು. ದೀಪ ಅಷ್ಟ ಬಂದದ."

"ನಾ ಬರ್ದಿದ್ರ ಬಿಡು. ಅಂವಾ ಬಂದಾನಲ್ಲ." ತಾಟು ಮತ್ತೆ ಚೀಲಕ್ಕೆ ಹೋಯಿತು. "ಈ ವರ್ಷನೂ ತಾಟಿನ್ಯಾಗ ಏನೂ ಹಾಕ್ಲಿಲ್ಲ ನೋಡು, ಜಿಪುಣ! ನಡಿ, ಹಸಿವ್ಯಾಗ್ಯದ."