ತೊಟ್ಟಿಲ ಕಾರ್ಯಕ್ಕೆ ತಪ್ಪಿದ ಅಜ್ಜ

ಭಾನುವಾರ ಸಂಜೆ ಅಂಡಮಾನಿನಿಂದ ಪುಣೆಯ ಮನೆಗೆ ಬಂದು ಚೀಲ ಇಳಿಸಿದಾಗ, ಮೊಮ್ಮಗಳ ತೊಟ್ಟಿಲಿಗೆ ಕಟ್ಟಿದ್ದ ಹೂವು ಆಗಲೇ ಬಾಡಿತ್ತು.

"ನಿನ್ನೆ ಹೆಸರಿಟ್ಟಾಯ್ತ್ರಿ" ಎಂದಳು ಹೆಂಡತಿ. "ಮಧ್ಯಾಹ್ನದ ತನಕ ನಿಮ್ಮ ದಾರಿ ನೋಡಿದ್ವಿ. ಅಲ್ಲೀತನಕ ಬೀಗರು ಊಟಕ್ಕ ಕೂಡಲೇ ಇಲ್ಲ. ಮೀನು ಬಿಡಲಿಲ್ಲೇನ್ರಿ ನಿಮ್ಮನ್ನ?"

ತಪ್ಪು ನನ್ನದೇ. ನಿವೃತ್ತನಾದ ಮೇಲೆ ಸ್ಕೂಬಾ ಡೈವಿಂಗ್ ಕಲಿತು, ಸಾಯುವುದರೊಳಗೆ ಇಳಿಯಲೇಬೇಕಾದ ಐದು ಸಮುದ್ರಗಳ ಪಟ್ಟಿ ಮಾಡಿದ್ದೆ. ಇದು ಮೂರನೆಯದು. ಮಗಳು ಬಾಣಂತನಕ್ಕೆ ನಮ್ಮ ಮನೆಯಲ್ಲೇ ಇದ್ದಳು. "ಶುಕ್ರವಾರ ಡೈವಿಂಗ್ ಮುಗಿಯುತ್ತದೆ" ಎಂದಷ್ಟೇ ಹೇಳಿ ಹೊರಟಿದ್ದೆ. ಅದನ್ನು ನಂಬಿ, ನಾನು ಹೋದ ಮೇಲೆ ಮನೆಯವರು ಶನಿವಾರಕ್ಕೆ ತೊಟ್ಟಿಲ ಕಾರ್ಯ ಇಟ್ಟುಕೊಂಡರು. ಆದರೆ ಆಳದ ನೀರಿಗೆ ಇಳಿದು ಬಂದವರು ಒಂದು ದಿನ ಕಳೆಯುವ ತನಕ ವಿಮಾನ ಹತ್ತಬಾರದು, ಜೀವಕ್ಕೆ ಅಪಾಯ. ಆ ನಿಯಮ ನನಗೆ ಬಾಯಿಪಾಠ. ಮನೆಯಲ್ಲಿ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ದ್ವೀಪದಲ್ಲಿ ನನ್ನ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ; ಬೇರೆ ಫೋನಿನಿಂದಲಾದರೂ ಒಮ್ಮೆಯೂ ಮನೆಗೆ ಮಾತಾಡಲಿಲ್ಲ. ಇಲ್ಲಿ ಅವರು ಕಾಯುತ್ತಿದ್ದಾಗ ನಾನು ದಂಡೆಯಲ್ಲಿ ಒಬ್ಬನೇ ಕುಳಿತು ಶೇಂಗಾ ತಿನ್ನುತ್ತಿದ್ದೆ.

ಇದನ್ನೆಲ್ಲ ವಿವರಿಸಿದೆ. ಹೆಂಡತಿ ಸಿಟ್ಟಾಗಲಿಲ್ಲ. "ಇರಲಿ ಬಿಡ್ರಿ. ಇನ್ನ ಮ್ಯಾಲೆ ನಾವು ನಿಮ್ಮನ್ನ ಕಾಯಂಗಿಲ್ಲ. ನೀವು ಆರಾಮ ಹೋಗಿ ಬರ್ರಿ" ಎಂದು, ನನಗೆಂದು ತೆಗೆದಿಟ್ಟಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿದಳು.

ಉಳಿದೆರಡು ಸಮುದ್ರಗಳಿಗೆ ನಾನು ಹೋಗಲಿಲ್ಲ. ಆರು ವರ್ಷಗಳಿಂದ ಮನೆಯಲ್ಲೇ ಇದ್ದೇನೆ. ಆದರೂ ಮನೆಯ ಯಾವ ಕಾರ್ಯವಾಗಲಿ, ದಿನ ನಿಗದಿಯಾದ ಮೇಲೆಯೇ ನನಗೆ ತಿಳಿಯುತ್ತದೆ. ನಿಮಗೆ ಅಂದು ಅನುಕೂಲವೇ ಎಂದು ಯಾರೂ ಕೇಳುವುದಿಲ್ಲ.