ಚಿಕ್ಕಪ್ಪನ ಮನೆ, ನನ್ನ ಹೆಬ್ಬೆರಳು

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೈಯಲು ನಿಮಗೂ ಸುಲಭ, ಬೈಸಿಕೊಳ್ಳಲು ನನಗೂ ಸುಲಭ. ಚಿಕ್ಕಪ್ಪ ಎರಡು ತಿಂಗಳು ಕೂತು ಕಟ್ಟಿದ ಮನೆಯನ್ನು ನಾನು ಹೆಬ್ಬೆರಳಿನ ಒಂದೇ ಒತ್ತಿಗೆ ನೆಲಸಮ ಮಾಡಿದವನು. ಇವತ್ತು ಬೆಳಿಗ್ಗೆ ಮೊಬೈಲು ‘ಅಪ್‌ಡೇಟ್ ಮಾಡಲೇ?’ ಎಂದು ಕೇಳಿದಾಗ ಅದೇ ಹೆಬ್ಬೆರಳು ಗಾಳಿಯಲ್ಲೇ ನಿಂತುಬಿಟ್ಟಿತು.

ಮಂಚೇನಹಳ್ಳಿಯ ನಮ್ಮ ಚಿಕ್ಕಪ್ಪ ಗಾರೆ ಮೇಸ್ತ್ರಿ. ಹೋದ ವರ್ಷ, ಗೋಡೆಗೆ ಕಟ್ಟಿದ ಸಾರುವೆಯ ಮರದಿಂದ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದರು. ಕೆಲಸವಿಲ್ಲದ ಮೇಸ್ತ್ರಿಯನ್ನು ನೀವು ನೋಡಿಲ್ಲ. ಒಂದು ಕಣ್ಣು ಮುಚ್ಚಿ, ಮಲಗಿದಲ್ಲಿಂದಲೇ ಎದುರು ಮನೆಯ ಗೋಡೆ ಸೊಟ್ಟ ಎಂದು ತೀರ್ಪು ಕೊಡುತ್ತಿದ್ದರು, ಅದೂ ಎದುರು ಮನೆಯವರಿಗೆ ಕೇಳುವಂತೆ. ಊರ ಶಾಂತಿಗಾಗಿ ನನ್ನ ಹಳೇ ಮೊಬೈಲಿನಲ್ಲಿ ಒಂದು ಆಟ ಹಾಕಿಕೊಟ್ಟೆ. ಕಾಡಿನಲ್ಲಿ ಒಬ್ಬನೇ ಬದುಕಬೇಕು, ಮರ ಕಡಿದು ಕಲ್ಲು ಒಡೆದು ಮನೆ ಕಟ್ಟಬೇಕು, ವಾರಕ್ಕೊಮ್ಮೆ ಎದ್ದು ಬರುವ ಹೆಣಗಳಿಂದ ಅದನ್ನು ಉಳಿಸಿಕೊಳ್ಳಬೇಕು.

ಆಗ ಆ ಆಟದಲ್ಲಿ ಗೋಡೆ ಗಟ್ಟಿಯಾಗಲು ಏಳು ಹಂತ: ಕಡ್ಡಿಯ ಚೌಕಟ್ಟು, ಹಲಗೆ, ಇಟ್ಟಿಗೆ, ಕಲ್ಲು, ಹಸಿ ಕಾಂಕ್ರೀಟು, ಒಣಗಿದ ಕಾಂಕ್ರೀಟು, ಉಕ್ಕು. ಹಸಿ ಕಾಂಕ್ರೀಟು ಒಣಗುವ ತನಕ ಸುಮ್ಮನೆ ಕಾಯಬೇಕು. ನನಗೆ ಆಕಳಿಕೆ, ಚಿಕ್ಕಪ್ಪನಿಗೆ ಬೀಗರೂಟ.

ಮೂರನೇ ದಿನ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದು ನೋಡಿದರೆ, ಆಟದ ಮನೆಯಲ್ಲಿ ಮಂಡಿಯುದ್ದ ನೀರು.

“ಏನ್ ಚಿಕ್ಕಪ್ಪಾ ಇದು, ನಡುಮನೇಲಿ ಕೆರೆ?”

“ಕ್ಯೂರಿಂಗ್ ಕಣಪ್ಪ. ಬೆಳಿಗ್ಗೆ ಇಪ್ಪತ್ತು ಬಕೆಟ್, ಸಾಯಂಕಾಲ ಇಪ್ಪತ್ತು. ಕಾಂಕ್ರೀಟಿಗೆ ನೀರು ಹೊಡೀದಿದ್ರೆ ಬಿರುಕು ಬಿಡುತ್ತೆ.”

“ಆಟದಲ್ಲಿ ಬಿರುಕು ಬಿಡಲ್ಲ ಚಿಕ್ಕಪ್ಪ.”

“ಹಂಗಂದೋರ ಮನೆಗಳನ್ನೆಲ್ಲ ಆಮೇಲೆ ನಾನೇ ರಿಪೇರಿ ಮಾಡಿರೋದು.”

ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೆ ನೆಂಟರ ಮನೆಗಳಲ್ಲೆಲ್ಲ ಈ ಬಕೆಟ್ ಪ್ರಸಂಗವನ್ನು ಚಿಕ್ಕಪ್ಪನ ಕೆಮ್ಮಿನ ಸಮೇತ ಅಣಕಿಸಿ ತೋರಿಸಿದ್ದೇನೆ. ಎರಡೆರಡು ಸಲ ಹೋಳಿಗೆ ಬಡಿಸಿಕೊಂಡಿದ್ದೇನೆ. ತೋರಿಸದೆ ಬಿಟ್ಟದ್ದು ಒಂದಿದೆ. ಇಪ್ಪತ್ತೈದು ವರ್ಷ ಅವರು ಕಟ್ಟಿದ್ದೆಲ್ಲ ಕಂಡವರ ಮನೆ, ಕಂಡವರ ಪ್ಲಾನು. “ಕಿಟಕಿ ಆ ಕಡೆ ಸರಿಸಿ” ಎನ್ನುವ ಮಾಲೀಕನಿಲ್ಲದೆ ಕಟ್ಟಿದ ಮೊದಲ ಮನೆ ಇದು. ಪೂರ್ವಕ್ಕೆ ಬಾಗಿಲು, ನಾಲ್ಕು ಜನ ಕೂರುವ ಜಗಲಿ, ಅಡುಗೆಮನೆಗೆ ಎರಡು ಕಿಟಕಿ. ಕಾಲು ಹೇಗಿದೆ ಎಂದು ಕೇಳಲು ಬಂದವರು ಮೊದಲು ಈ ಮನೆ ನೋಡಬೇಕು. ಕಾಲಿನ ಸಮಾಚಾರ ಆಮೇಲೆ.

ಅಷ್ಟರಲ್ಲಿ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಏಳು ಹಂತದ ರಗಳೆ ಬೇಡ, ಇನ್ನು ಮೂರೇ: ಮರ, ಕಲ್ಲು, ಉಕ್ಕು. ಒಣಗಿಸುವುದೂ ಇಲ್ಲ. ಓದಿ ಕುಣಿದಾಡಿ ಒತ್ತಿಯೇ ಬಿಟ್ಟೆ. ಹಳೆಯ ಮನೆಗಳು ಉಳಿಯುವುದಿಲ್ಲ ಎಂಬ ಸಾಲು ಕೆಳಗಿತ್ತಂತೆ. ಕೆಳಗಿನ ಸಾಲು ಓದುವ ಹುಡುಗನಾಗಿದ್ದರೆ ನಾನು ಪಿಯುಸಿಯಲ್ಲೇ ಪಾಸಾಗುತ್ತಿದ್ದೆ.

ಚಿಕ್ಕಪ್ಪ ಮೊಬೈಲು ತೆರೆದರು. ಬರೀ ಕಾಡು.

“ಏಂ ಚೇಸಿನಾವ್ ರಾ!” ಎಂದರು, ಏನು ಮಾಡಿಬಿಟ್ಟೆಯೋ ಎಂದು. ಕೋಪ ತಲೆಗೇರಿದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ. ಆಮೇಲೆ ಯಾವ ಭಾಷೆಯೂ ಬರಲಿಲ್ಲ. ಕಾಫಿ ಲೋಟದಲ್ಲೇ ಆರಿತು. ಆ ಮೌನವನ್ನು ಅಣಕಿಸಲು ನನಗೆ ಇನ್ನೂ ಬಂದಿಲ್ಲ.

ಭಾನುವಾರ ಪ್ರಾಯಶ್ಚಿತ್ತಕ್ಕೆ ಕೂತೆ. ಅರ್ಧ ಗಂಟೆಯಲ್ಲಿ ಅದೇ ಮನೆ, ಅದೇ ಜಗಲಿ, ಪೂರ್ತಿ ಉಕ್ಕು! ಆ ಹೊತ್ತಿಗೆ ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಓಡಾಡುತ್ತಿದ್ದ ಚಿಕ್ಕಪ್ಪನ ಕೈಗೆ ಮೊಬೈಲು ಕೊಟ್ಟೆ. ಅವರು ಒಳಗೆಲ್ಲ ಸುತ್ತಿ ಬಂದರು.

“ಇಟ್ಟಿಗೆ ಎಲ್ಲಪ್ಪ?”

“ಈಗ ಇಟ್ಟಿಗೆ ಇಲ್ಲ, ಚಿಕ್ಕಪ್ಪ.”

“ಕ್ಯೂರಿಂಗು?”

“ಬೇಕಾಗಲ್ಲ. ಒತ್ತಿದ್ರೆ ಆಯ್ತು.”

ಚಿಕ್ಕಪ್ಪ ಮೊಬೈಲನ್ನು ಮೆಲ್ಲಗೆ ಮಂಚದ ಮೇಲಿಟ್ಟರು.

“ಹಂಗಾದ್ರೆ ಇನ್ನು ಮೇಸ್ತ್ರಿ ಯಾಕಪ್ಪಾ?”

ಉತ್ತರ ಕೊಟ್ಟದ್ದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ:

“ಯಾಕೆ ಅಂತ ನಮ್ಮ ಬಚ್ಚಲಮನೆ ಗೋಡೇನ ಕೇಳೋಗಿ, ಹೇಳುತ್ತೆ. ನಾಳೆ ಗಾರೆ ಮಾಡ್ತೀನಿ ಅಂತ ನೀವು ಅಂದಾಗ ಮಗಳು ಅಂಗನವಾಡೀಲಿದ್ಲು. ಈಗ ಡಿಗ್ರಿ ಓದ್ತಾವ್ಳೆ, ಗೋಡೆ ಇನ್ನೂ ಇಟ್ಟಿಗೇಲೇ ನಿಂತೈತೆ!”