ಕನ್ನಡಿಗೆ ನಿಲ್ಲದ ಟಿಕಳಿ

ಏನನ್ನೂ ಅಂಟಗೊಡದಿರುವುದೇ ಭಗವಂತನ ಕಸುಬು. ಸೋಲಾಪುರದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಸಾತಲಿಂಗಪ್ಪ ಸಾವಕಾರರ ಫೈಬರ್ ಬಾಗಿಲುಗಳ ಕಾರ್ಖಾನೆ. ಅಲ್ಲಿ ಅಚ್ಚುಗಳಿಗೆ ಮೇಣ ತಿಕ್ಕುವವನು ಇವನು. ಮೇಣ ಸರಿಯಾಗಿ ಕೂತರೆ ಒಳಗೆ ಸುರಿದ ರೆಸಿನ್ ಎಂಬ ಅಂಟುದ್ರವ ಗಟ್ಟಿಯಾದ ಮೇಲೆ ಬಾಗಿಲು ಸಲೀಸಾಗಿ ಕಳಚಿಕೊಂಡು ಬರುತ್ತದೆ. ಇಲ್ಲದಿದ್ದರೆ ಬಾಗಿಲೂ ಹೋಯಿತು, ಅಚ್ಚೂ ಹೋಯಿತು. ಚಪಳಗಾಂವದಿಂದ ದಿನಾ ಬಸ್ಸು ಹಿಡಿದು ಬರುವ ಈ ಮನುಷ್ಯನ ಕೈಯಲ್ಲಿ ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಬಾಗಿಲು ಅಂಟಿಕೊಂಡದ್ದಿಲ್ಲ. ಗಿರಾಕಿಗಳು ಬಂದರೆ ಸಾವಕಾರರು ಅವನನ್ನು ಕರೆದು ತೋರಿಸುತ್ತಿದ್ದರು: "ನಮ್ಮ ಭಗವಂತನ ಕೈ ನೋಡ್ರಿ, ಇಷ್ಟು ಸ್ವಚ್ಛ ಕೈ ಎಲ್ಲೂ ಸಿಗಂಗಿಲ್ಲ." ಆಗ ಭಗವಂತ ನಾಚಿ ನೆಲ ನೋಡುತ್ತಿದ್ದ, ಕಿವಿ ಮಾತ್ರ ಅಲ್ಲೇ ಇರುತ್ತಿತ್ತು.

ಅವನಿಗಿದ್ದ ಚಟ ಒಂದೇ, ಪ್ರಶ್ನೆ ಕೇಳುವುದು. ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಓಡುವ ಬಸ್ಸಿನಲ್ಲೇ ಡ್ರೈವರನನ್ನು ಕೇಳಿ ಬೈಸಿಕೊಂಡವನು. ಹೀಗಾಗಿ ಸಾವಕಾರರ ಮಗಳು ಪ್ರಾಜಕ್ತಾ ತನ್ನ ಎಂ.ಟೆಕ್. ಪ್ರಾಜೆಕ್ಟಿಗೆಂದು ಕಾರ್ಖಾನೆಯ ಮೂಲೆಯಲ್ಲಿ ಮೇಜು ಹಾಕಿ ಕರಿ ಪುಡಿಯ ಡಬ್ಬಿ ಇಟ್ಟಾಗ, ಊಟದ ಬಿಡುವಿನಲ್ಲಿ ಅವನ ಠಿಕಾಣಿ ಅಲ್ಲೇ ಆಯಿತು.

"ಇದೇನ್ರಿ ಅಕ್ಕಾರ, ಕಾಡಿಗಿ?"

"ಗ್ರಾಫೀನ್ ಕಾಕಾ. ಇದ್ದಿಲಿನ ಜಾತೀದೇ, ಆದ್ರ ಇದರ ಪದರ ಭಾಳ ತೆಳು, ಭಾಳ ಗಟ್ಟಿ. ಒಂದು ಚಿಟಿಕಿ ರೆಸಿನ್ನಿನಾಗ ಕಲಿಸಿದ್ರ ಬಾಗಲಾ ಇನ್ನೂ ಗಟ್ಟಿ ಆಗಬೇಕು."

"ಆಗಬೇಕು ಅಂದ್ರ? ಆಗವಲ್ದೇನು?"

"ಇದರ ಮೈ ನುಣುಪು, ರೆಸಿನ್ನಿಗಿ ಹಿಡಿತ ಸಿಗಂಗಿಲ್ಲ, ಜಾರತದ. ಅದಕ್ಕ ಆ್ಯಸಿಡ್ಡಿನಾಗ ಹಾಕಿ ಮೈತುಂಬ ಸಣ್ಣ ಸಣ್ಣ ಕೊಂಡಿ ಹುಟ್ಟಿಸೀನಿ. ಆ ಕೊಂಡಿ ಹೋಗಿ ರೆಸಿನ್ ಹಿಡಕೋಬೇಕು."

ಹುಟ್ಟುತ್ತಲೇ ನುಣುಪು! ತಾನು ದಿನವಿಡೀ ರಟ್ಟೆ ನೋಯುವಂತೆ ತಿಕ್ಕಿ ತರುವ ಜಾರು ಅದಕ್ಕೆ ಪುಕ್ಕಟೆ ಸಿಕ್ಕಿದೆ, ಈ ಹುಡುಗಿ ಅದನ್ನೇ ಕಳೆಯಲು ಒದ್ದಾಡುತ್ತಿದ್ದಾಳೆ. ಇಷ್ಟು ಮಜದ ಸಂಗತಿಯನ್ನು ಭಗವಂತ ಜನ್ಮದಲ್ಲಿ ಕೇಳಿರಲಿಲ್ಲ. ಅಂದಿನಿಂದ ಯಾರೂ ಹೇಳದಿದ್ದರೂ, ಸಂಜೆ ಮನೆಗೆ ಹೊರಡುವ ಮುಂಚೆ ಅವಳು ಪುಡಿ ಕಲಸುವ ಸ್ಟೀಲ್ ಬೋಗುಣಿಯನ್ನು ಫಳಫಳ ಹೊಳೆಯುವಂತೆ ಒರೆಸಿಡತೊಡಗಿದ.

ಮೂರು ತಿಂಗಳಾದರೂ ಅವಳು ಎರಕ ಹೊಯ್ದ ಪಟ್ಟಿಗಳೆಲ್ಲ ಕಾಲೇಜಿನ ಪರೀಕ್ಷೆಯಲ್ಲಿ ಸ್ವಲ್ಪ ಭಾರಕ್ಕೇ ಮುರಿದವು. ಪುಡಿ ಹಾಕದ ಬರೀ ರೆಸಿನ್ ಪಟ್ಟಿಯೇ ಎಷ್ಟೋ ವಾಸಿ. ಇನ್ನೊಂದು ಸಲಕ್ಕಾಗುವಷ್ಟು ಪುಡಿ ಉಳಿದಿತ್ತು. ಸೋಮವಾರ ಹೊಯ್ಯುವ ಪಟ್ಟಿಯೂ ಹೀಗೇ ಬೇಗ ಮುರಿದರೆ ವಿಷಯ ಬದಲಿಸು ಎಂದು ಕಾಲೇಜಿನ ಗುರುಗಳು ಹೇಳಿಬಿಟ್ಟರು. ಹುಡುಗಿಯ ಸಪ್ಪೆ ಮುಖ ನೋಡಿ ಭಗವಂತನಿಗೆ ಊಟ ಸೇರಲಿಲ್ಲ.

ಭಾನುವಾರ ಮನೆಯಲ್ಲಿ ಹೆಂಡತಿ ಅಂಜನಾಬಾಯಿ ಕನ್ನಡಿಯ ಮುಂದೆ ನಿಂತು ರೇಗಿದಳು. ಸ್ನಾನಕ್ಕೆ ಹೋಗುವಾಗ ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುವುದು ಅವಳ ರೂಢಿ.

"ಇದಕ್ಕ ಏನ್ ಬಳದೀರಿ? ಟಿಕಳಿ ಒಂದೂ ನಿಲ್ಲವಲ್ದು!"

"ಒರಸೀನಿ ಅಷ್ಟೇ, ನನ್ನ ಅರಿವಿಲೆ."

ಹಾಗೆಂದವನೇ ಜೇಬು ಮುಟ್ಟಿ ನೋಡಿಕೊಂಡ. ಕಾರ್ಖಾನೆಯಲ್ಲಿ ಅಚ್ಚುಗಳಿಗೆ ಮೇಣ ತಿಕ್ಕುವ ಅರಿವೆ ಅದು, ಯಾವಾಗಲೂ ಜೇಬಿನಲ್ಲೇ ಇರುತ್ತಿತ್ತು. ಕೆಳಗೆ ಬಿದ್ದ ಟಿಕಳಿ ಎತ್ತಿ ಒತ್ತಿದ. ಉದುರಿತು. ನೀರು ಚಿಮುಕಿಸಿದ. ಕನ್ನಡಿಯ ಮೇಲೆ ನೀರು ಹರಡದೆ ಗುಂಡು ಗುಂಡು ಹನಿಯಾಗಿ ನಿಂತಿತು. ಅದೇ ಅರಿವೆಯಿಂದ ಒರೆಸಿದ ಬೋಗುಣಿ ಕಣ್ಣ ಮುಂದೆ ಬಂತು.

ಮರುದಿನ ಬಸ್ಸಿನಲ್ಲಿ ಸೋಲಾಪುರ ಬರುವವರೆಗೂ ಒಂದೇ ಯೋಚನೆ. ಬೇಗ ಹೋಗಿ ಬೋಗುಣಿ ತೊಳೆದಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ. ಹೇಳಿಯೂ ಪಟ್ಟಿ ಮುರಿದರೆ ಹೆಸರು ಹೋದದ್ದಷ್ಟೇ ಲಾಭ.

ಒಳಗೆ ಕಾಲಿಟ್ಟಾಗ ಪ್ರಾಜಕ್ತಾ ಬೋಗುಣಿ ಕೈಗೆತ್ತಿಕೊಂಡಿದ್ದಳು, ಪಕ್ಕದಲ್ಲಿ ಸಾವಕಾರರೂ ಇದ್ದರು.

"ತಡೀರಿ ಅಕ್ಕಾರ," ಎಂದ ಭಗವಂತ. ಬೋಗುಣಿಯೊಳಗೆ ನೀರು ಚಿಮುಕಿಸಿದ. ಹನಿಗಳು ಗುಂಡಗೆ ನಿಂತವು. "ನನ್ನ ಮೇಣದ ಅರಿವಿರಿ. ದಿನಾ ಸಂಜೀಕ ನಾನೇ ಒರಸೀನಿ. ನಿಮ್ಮ ಕೊಂಡಿಗಿ ನಾನೇ ಮೇಣ ಬಳದೀನಿ."

ಸಾವಕಾರರು ಬಗ್ಗಿ ಹನಿಗಳನ್ನು ನೋಡಿದರು. ಪ್ರಾಜಕ್ತಾ ಬೋಗುಣಿಯನ್ನು ಬದಿಗಿಟ್ಟಳು. ಆಮೇಲೆ ಹೊಸ ಗಾಜಿನ ಪಾತ್ರೆ ತೆಗೆದಳು. ಅವನು ಪುಡಿ ಡಬ್ಬಿ ಎತ್ತಿಕೊಡಲು ಹೋದಾಗ, "ಕೈ ಹಚ್ಚಬ್ಯಾಡ್ರಿ" ಎಂದಳು. ಅದರಿಂದ ಅವನಿಗೆ ಬಹಳ ನೋವಾಯಿತು.

ಗುರುವಾರ ಅವಳು ಕಾಲೇಜಿನ ಪರೀಕ್ಷೆ ಮುಗಿಸಿ ನೇರ ಅಚ್ಚಿನ ಕೋಣೆಗೇ ಬಂದಳು.

"ಬರೀ ರೆಸಿನ್ ಮುರದಿತ್ತಲ್ಲ ಕಾಕಾ, ಅದಕ್ಕಿಂತ ಭಾಳ ಹೆಚ್ಚಿನ ಭಾರ ತಡಕೊಂಡು ಆಮ್ಯಾಲ ಮುರೀತು!" ಎಂದವಳು ತುಸು ತಡೆದು ಕೇಳಿದಳು: "ಸುಮ್ನ ಬೋಗುಣಿ ತೊಳದಿಟ್ಟಿದ್ರ ಆಗ್ತಿತ್ತಲ್ಲ, ಯಾಕ ಹೇಳಿದ್ರಿ?"

"ಪಟ್ಟಿ ಗಟ್ಟಿ ಆಗ್ತಿತ್ತು ಖರೆ. ಆದ್ರ ಹಿಂದಿನವು ಯಾಕ ಮುರದ್ವು ಅಂತ ನೀವು ಜಲ್ಮೆಲ್ಲಾ ತಲಿ ಕೆಡಿಸಿಕೋತಿದ್ರಿ. ಗೊತ್ತಾಗದ ಇರೋ ಸಂಕಟ ನನಗ ಗೊತ್ತದರಿ."

ಪ್ರಾಜಕ್ತಾ ಚೀಲದಿಂದ ಮುರಿದ ಪಟ್ಟಿಯನ್ನೂ ಭೂತಗನ್ನಡಿಯನ್ನೂ ತೆಗೆದು ಅವನತ್ತ ಚಾಚಿದಳು. ಭಗವಂತನ ಕೈ ಅಭ್ಯಾಸಬಲದಿಂದ ಜೇಬಿನ ಅರಿವೆಗೆ ಹೋಯಿತು. ಅದನ್ನು ಅಲ್ಲೇ ಬಿಟ್ಟು, ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದುಕೊಂಡು ಬಂದ.